ಬ್ಲ್ಯಾಕ್ ಸಬ್ಬತ್ ಮೊದಲ ಎಲ್‌ಪಿ: ಒರಿಜಿನಲ್ ಪ್ರೆಸಿಂಗ್ ಗುರುತಿಸೂದು ಹೆಂಗ, ತಗೊಳ್ಳೂದು ಹೆಂಗ

ಬ್ಲ್ಯಾಕ್ ಸಬ್ಬತ್ ಅನ್ನೂ ಇಂಗ್ಲಿಷ್ ರಾಕ್ ಬ್ಯಾಂಡಿನ ಹಾಡುಗಾರ ಓಝಿ ಆಸ್ಬೋರ್ನ್ 2025ರ ಜುಲೈ 22ಕ್ಕ ತೀರಿಕೊಂಡ ಮ್ಯಾಲೆ ನಮ್ಮ ಬೆಳಗಾವಿ ಹುಡುಗ್ರು ಭಾಳ ಮಂದಿ ಕೇಳಾಕತ್ತಾರ, ಅಣ್ಣಾ ಸಬ್ಬತ್‌ದು ಮೊದಲ ರೆಕಾರ್ಡ್ ಒರಿಜಿನಲ್ ಬೇಕಾಗಿತ್ತು, ಎಲ್ಲಿ ಸಿಗ್ತೈತಿ ಎಷ್ಟಕ್ಕ ಸಿಗ್ತೈತಿ ಅಂತ. ಎಲ್ಲಿ ಎಷ್ಟಕ್ಕ ಅನ್ನೂದು ಆಮ್ಯಾಲಿನ ಮಾತು. ಕೈಯಾಗ ಬಂದ ರೆಕಾರ್ಡ್ ಯಾವುದು ಅಂತ ಓದಾಕ ಬರಬೇಕು ಮೊದಲ, ಇಲ್ಲಂದ್ರ ಹತ್ತು ವರ್ಷ ಆದಮ್ಯಾಲೆ ಮತ್ತ ತಯಾರು ಮಾಡಿದ ರೀಇಶ್ಯೂಕ್ಕ ಒರಿಜಿನಲ್ ರೇಟ್ ಕೊಟ್ಟು ಬರ್ತೀರಿ.

ಈ ಆಲ್ಬಮ್ ಇಂಗ್ಲೆಂಡ್‌ನ್ಯಾಗ ಬಂದದ್ದು 1970ರ ಫೆಬ್ರುವರಿ 13ಕ್ಕ, ವರ್ಟಿಗೋ ಲೇಬಲ್ ಮ್ಯಾಲೆ. ವರ್ಟಿಗೋ ಅಂದ್ರ ಫಿಲಿಪ್ಸ್ ಕಂಪನಿಯವರು 1969ರಾಗ ಹೊಸಾ ನಮೂನಿ ರಾಕ್ ಸಲುವಾಗಿ ಸುರು ಮಾಡಿದ ರೆಕಾರ್ಡ್ ಬ್ರ್ಯಾಂಡ್, ಅದರ ರೆಕಾರ್ಡ್ ನಂಬರಿನ್ಯಾಗ ಮೊದಲಿನದು ವಿಓ 1 ಕೊಲೋಸಿಯಮ್ ಬ್ಯಾಂಡ್‌ದು, ಸಬ್ಬತ್‌ದು ವಿಓ 6 (VO 6). ಈ ವಿಓ 6 ತಲಿಯಾಗ ಇಟ್ಕೋರಿ. ಅದರ ಜೋಡಿ 847 903 ವಿಟಿವೈ ಅಂತ ಇನ್ನೊಂದು ನಂಬರೂ ಐತಿ, ಅದು ಯುರೋಪ್ ಕಡೆದು. ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಾಗ ರಾಜರ್ ಬೇನ್ ಪ್ರೊಡ್ಯೂಸರ್, ಟಾಮ್ ಆಲಮ್ ಎಂಜಿನಿಯರ್, ನಾಲ್ಕೂ ಮಂದಿ ಸ್ಟೇಜ್ ಮ್ಯಾಲೆ ಬಾರಿಸಿದಂಗ ಬಾರಿಸಿ ಸುಮಾರು ಒಂದ ದಿನದಾಗ ಮುಗಿಸಿದ್ದು ಇದು. ರೆಕಾರ್ಡಿಂಗ್ ಟೇಪ್ ಹೊಸಾದಿದ್ದಾಗ ಕಟ್ ಮಾಡಿದ (ಟೇಪಿನ ಹಾಡು ಗೆರಿಯಾಗಿ ಕೊರೆದ) ರೆಕಾರ್ಡಿನ್ಯಾಗ ಮೊದಲ ಹಾಡಿನ ಮಳಿ, ಗಂಟಿ, ಆಮ್ಯಾಲೆ ಟೋನಿ ಅಯೋಮಿ ಗಿಟಾರ್ ಬಂದು ಬೀಳೂದು, ಅದರ ಕೆಳಗ ಗೀಝರ್ ಬಟ್ಲರ್ ಬಾಸ್ ತುಂಬಿಕೊಂಡು ಬರೂದು, ಅದನ್ನ ಒಮ್ಮೆ ಕೇಳಿದ್ರ ಜನ ಯಾಕ ಇದರ ಬೆನ್ನ ಹತ್ತತಾರ ಅಂತ ಗೊತ್ತಾಗ್ತೈತಿ.

ಈಗ ಲೇಬಲ್, ಅಂದ್ರ ರೆಕಾರ್ಡಿನ ನಡುವಿನ ದುಂಡನೆ ಕಾಗದ. ಮೊದಲ ಬ್ರಿಟಿಷ್ ಪ್ರೆಸಿಂಗ್ (ಮೊದಲ ಸಲ ಒತ್ತಿ ತಯಾರು ಮಾಡಿದ ರೆಕಾರ್ಡ್) ಮ್ಯಾಲೆ ಕಪ್ಪು ಬಿಳಿ ಸುರುಳಿ ಇರ್ತೈತಿ, ಎಲ್ಲಾರೂ ಅದಕ್ಕ ಸ್ವರ್ಲ್ ಅಂತಾರ, ಪ್ಲೇಯರ್ ಮ್ಯಾಲೆ ತಿರುಗಾಕ ಹತ್ತಿದ್ರ ಕಣ್ಣು ಒಳಗ ಎಳಕೊಂಡು ಹೋಗ್ತೈತಿ. ಒಂದನೇ ಸೈಡ್ ಲೇಬಲ್ ಪೂರಾ ಸುರುಳಿನ, ಹಾಡಿನ ಹೆಸರ ಇರೂದಿಲ್ಲ. ಎರಡೂ ಸೈಡಿನ ಹಾಡಿನ ಪಟ್ಟಿ ಎರಡನೇ ಸೈಡ್ ಲೇಬಲ್ ಮ್ಯಾಲೇ ಒಟ್ಟಿಗೆ ಹಾಕಿರ್ತಾರ. ಇದು ಗೊತ್ತಿಲ್ಲದವರು ಲೇಬಲ್ ತಪ್ಪ ಐತಿ ಅಂತ ಚಲೋ ಪೀಸ್ ಬಿಟ್ಟು ಬರ್ತಾರ. ಭಾಳ ಮೊದಲಿನ ಪೀಸ್ ಬೇಕು ಅನ್ನವರು ಆ ಲೇಬಲ್ ಮ್ಯಾಲೆ ಸಣ್ಣ ಅಕ್ಷರದಾಗ 'ಎ ಫಿಲಿಪ್ಸ್ ರೆಕಾರ್ಡ್ ಪ್ರಾಡಕ್ಟ್' ಅಂತ ಐತೇನು ಅಂತ ಹುಡುಕ್ತಾರ, ಅದಿದ್ರ ರೇಟ್ ಜಿಗೀತೈತಿ. ಒಳಗಿನ ಕಾಗದದ ಕವರ್ ಮ್ಯಾಲೂ ಸುರುಳಿ ಇರ್ತೈತಿ, ಅದು ಇಷ್ಟು ವರ್ಷ ಉಳಿದಿದ್ರ ಪುಣ್ಯ, ಹರಿದಿದ್ರೂ ಒಗಿಬ್ಯಾಡ್ರಿ.

ಸುರುಳಿ ಲೇಬಲ್ ಸುಮಾರು 1973ಕ್ಕ ನಿಂತು ಹೋತು. ಅದರ ಬದಲಿ ರಾಜರ್ ಡೀನ್ ಬರೆದ ಸ್ಪೇಸ್‌ಶಿಪ್ ಚಿತ್ರ ಬಂತು, ವರ್ಟಿಗೋ ಅಂತ ಬರೆದು ಸ್ಪೇಸ್‌ಶಿಪ್ ಇದ್ರ ಅದು ಮೊದಲ ಪ್ರೆಸಿಂಗ್ ಅಲ್ಲ, ಮುಗೀತು. ಇಂಗ್ಲೆಂಡ್‌ನ್ಯಾಗ ಸಬ್ಬತ್ ರೆಕಾರ್ಡ್ ಆಮ್ಯಾಲೆ ಡಬ್ಲ್ಯುಡಬ್ಲ್ಯುಎ ಅನ್ನೂ ಲೇಬಲ್‌ಗೆ ಹೋದ್ವು, ಈ ಆಲ್ಬಮ್ ಅಲ್ಲಿ ಡಬ್ಲ್ಯುಡಬ್ಲ್ಯುಎ 006. ಅದಾದ ಮ್ಯಾಲೆ ನೆಮ್ಸ್ ಲೇಬಲ್, ಎನ್‌ಇಎಲ್ 6002. ನೆಮ್ಸ್‌ದು ಕೇಳಾಕ ಕೆಟ್ಟದ್ದೇನಲ್ಲ, ಕಡಿಮಿ ರೊಕ್ಕಕ್ಕ ಸಿಕ್ರ ತಗೋರಿ, ಆದ್ರ ಅದನ್ನ 1970ರ ಒರಿಜಿನಲ್ ಅಂತ ಮಾರವರು ಇರ್ತಾರ, ಯಾಕಂದ್ರ ಅದರ ಮ್ಯಾಲೂ 1970 ಅಂತ ಅಚ್ಚಾಗಿರ್ತೈತಿ. ಆ ಇಸ್ವಿ ರೆಕಾರ್ಡಿಂಗ್ ಹಕ್ಕಿಂದು, ರೆಕಾರ್ಡ್ ತಯಾರಾದದ್ದಲ್ಲ. ನೀವು ಇಸ್ವಿ ನೋಡಬ್ಯಾಡ್ರಿ, ನಂಬರ್ ನೋಡ್ರಿ. ಹಂಗ ಕವರ್ ಮ್ಯಾಲೆ ಬಾರ್‌ಕೋಡ್ ಇದ್ರ 1970ರದ್ದು ಆಗಾಕ ಸಾಧ್ಯನ ಇಲ್ಲ, ಎಲ್‌ಪಿ ಮ್ಯಾಲೆ ಬಾರ್‌ಕೋಡ್ ಬಂದದ್ದು ಎಪ್ಪತ್ತರ ದಶಕದ ಕಡೀಕ.

ಆಮ್ಯಾಲೆ ಹಾಡು ಮುಗದ ಜಾಗಾದಿಂದ ಲೇಬಲ್ ತನಕ ಉಳಿಯೂ ನುಣುಪನೆ ಕರಿ ಪಟ್ಟಿ, ರನ್‌ಔಟ್ ಅಂತಾರ ಅದಕ್ಕ. ಲೇಬಲ್ ನೋಡಿ ಖುಷಿಯಾಗಿ ಇದನ್ನ ನೋಡೂದು ಬಿಟ್ಟಬಿಡ್ತಾರ ಮಂದಿ. ಮೊಬೈಲ್ ಟಾರ್ಚ್ ಓರೆ ಹಿಡಿದು ರೆಕಾರ್ಡ್ ನಿಧಾನ ತಿರುಗಿಸ್ರಿ, ಅಲ್ಲಿ ಅಕ್ಷರ ಒತ್ತಿರ್ತಾರ. ಫಿಲಿಪ್ಸ್ ಕಾರ್ಖಾನಿ ರೆಕಾರ್ಡಿನ್ಯಾಗ ನಂಬರ್ ಆದ ಮ್ಯಾಲೆ ಎರಡು ಓರೆಗೆರಿ ಹೊಡೆದು 1 ಅಥವಾ 2 ಅಂತ ಇರ್ತೈತಿ, ಅದು ಎಷ್ಟನೇ ಕಟಿಂಗಿಂದ ಬಂದ ಪ್ಲೇಟ್ (ರೆಕಾರ್ಡ್ ಒತ್ತೂ ಅಚ್ಚು) ಅಂತ ಹೇಳ್ತೈತಿ, ಅಂಕಿ ಸಣ್ಣದಿದ್ದಷ್ಟು ಮೊದಲಿನದು. ಲೇಬಲ್ ನಕಲ ಮಾಡೂದು ಸಲೀಸು, ರನ್‌ಔಟ್ ಅಷ್ಟು ಸಲೀಸಲ್ಲ. ಮಾರವ ಇದರ ಫೋಟೋ ಕೊಡಾಕ ಒಲ್ಲೆ ಅಂದ್ರ ನಾನಂತೂ ಅಲ್ಲಿಗೇ ಮಾತು ನಿಲ್ಲಿಸ್ತೇನಿ, ರೇಟ್ ಎಷ್ಟ ಕಡಿಮಿ ಇರ್ಲಿ.

ಕವರ್ ಮಡಚೂ ಗೇಟ್‌ಫೋಲ್ಡ್. ಮುಂದಿನ ಫೋಟೋ ಕೀಫ್ ಅನ್ನೂ ಹೆಸರಿನ್ಯಾಗ ಕೆಲಸ ಮಾಡ್ತಿದ್ದ ಕೀತ್ ಮ್ಯಾಕ್‌ಮಿಲನ್ ತೆಗೆದದ್ದು, ಆಕ್ಸ್‌ಫರ್ಡ್‌ಶೈರಿನ ಮೇಪಲ್‌ಡರಮ್ ನೀರಗಿರಣಿ, ಮುಂದ ಕರಿ ಬಟ್ಟಿ ಹಾಕ್ಕೊಂಡು ನಿಂತ ಹೆಣ್ಣಮಗಳು. ಬಿಚ್ಚಿದ್ರ ಒಳಗ ತಲಿಕೆಳಗಾದ ಶಿಲುಬಿ, ಅದರಾಗ ಒಂದು ಕವಿತಾ. ನಕಲಿ ಕವರ್ ಅಂದ್ರ ಅಸಲಿ ಕವರಿನ ಫೋಟೋ ತೆಗೆದು ಮತ್ತ ಅಚ್ಚು ಹಾಕಿದ್ದು, ಹಂಗಾಗಿ ಗಿಡದ ಟೊಂಗಿ, ಎಲಿ, ಗೋಡಿ ಇಟ್ಟಂಗಿ ಎಲ್ಲಾ ಒಂದಕ್ಕೊಂದು ಕಲಸಿ ಮಬ್ಬಾಗಿ ಕಾಣ್ತಾವ. ಹಿಂದಿನ ಸಣ್ಣ ಅಕ್ಷರ ನೋಡ್ರಿ, ಅಂಚು ಹರಿತ ಇರಬೇಕು. ಇನ್ನೊಂದು ಮಾತು, ಐವತ್ತು ವರ್ಷದಾಗ ಒಬ್ಬರ ಕವರ್ ಇನ್ನೊಬ್ಬರ ರೆಕಾರ್ಡಿಗೆ ಸೇರಿರ್ತಾವ, ಕವರ್ ವಿಓ 6 ಒಳಗ ನೆಮ್ಸ್ ರೆಕಾರ್ಡ್, ಅಥವಾ ಉಲ್ಟಾ. ಅದಕ್ಕ ಲೇಬಲ್, ರನ್‌ಔಟ್, ಕವರ್ ಮೂರೂ ಒಂದಕ್ಕೊಂದು ತಾಳೆ ಆಗಬೇಕು. ಎರಡು ತಾಳೆ ಆಗಿ ಒಂದು ಬಿಟ್ರ ಆ ಒಂದರ ರೊಕ್ಕ ಕಳೀರಿ.

ಅಮೇರಿಕಾದ್ದು ಬ್ಯಾರೆ ಲೆಕ್ಕ. ಅಲ್ಲಿ 1970ರ ಜೂನಿಗೆ ವಾರ್ನರ್ ಬ್ರದರ್ಸ್ ತಗದ್ರು, ನಂಬರ್ ಡಬ್ಲ್ಯುಎಸ್ 1871, ಮೊದಲಿನದಕ್ಕ ಹಸಿರು ಲೇಬಲ್. ರಸ್ತೆ, ತಾಳಿ ಮರ ಇರೂ ಲೇಬಲ್ ಇದ್ರ 1973ರ ಆಮ್ಯಾಲಿನದು. ಹಾಡೂ ಬ್ಯಾರೆ ಅದಾವ ನೋಡ್ರಿ, ಬ್ರಿಟಿಷ್ ರೆಕಾರ್ಡಿನ್ಯಾಗ ಎರಡನೇ ಸೈಡ್ ಸುರು ಆಗೂದು 'ಈವಿಲ್ ವುಮನ್'ದಿಂದ, ಅದು ಕ್ರೋ ಅನ್ನೂ ಅಮೇರಿಕನ್ ಬ್ಯಾಂಡಿನ ಹಾಡು, ಅಮೇರಿಕಾದ ಪ್ರೆಸಿಂಗ್‌ನ್ಯಾಗ ಅದನ್ನ ತಗದು 'ವಿಕೆಡ್ ವರ್ಲ್ಡ್' ಹಾಕ್ಯಾರ. ನನ್ನ ಅಭಿಪ್ರಾಯ ಕೇಳಿದ್ರ, ಹೊಸದಾಗಿ ಸುರು ಮಾಡವರು ಅಮೇರಿಕಾದ ಹಸಿರು ಲೇಬಲ್ ಇಲ್ಲಾ ಜರ್ಮನಿ ಸುರುಳಿ ಲೇಬಲ್ ಹುಡುಕ್ರಿ. ಬ್ರಿಟಿಷ್ ಸುರುಳಿ ಚಲೋ ಕಂಡೀಷನ್‌ನ್ಯಾಗ ಹತ್ತಾರು ಸಾವಿರ ರೂಪಾಯಿ ಮಾತು, ಅದಕ್ಕ ಸಾಲಾ ಮಾಡಬ್ಯಾಡ್ರಿ.

ಎಲ್ಲಿ ಹುಡುಕೂದು? ಬೆಳಗಾವಿ ಹಳೆ ಸಾಮಾನಿನವರ ಕಡೆ ಹೋದ್ರ ಮರಾಠಿ ನಾಟ್ಯಸಂಗೀತ, ಭೀಮಸೇನ ಜೋಶಿ, ನಮ್ಮ ಸುಳೇಭಾವಿಯೊಳಗ ಹುಟ್ಟಿದ ಕುಮಾರ ಗಂಧರ್ವರ ರೆಕಾರ್ಡ್, ಕನ್ನಡ ಹಿಂದಿ ಸಿನೆಮಾ, ಇವು ಸಿಗ್ತಾವ, ಅವನ್ನೂ ಬಿಡಬ್ಯಾಡ್ರಿ. ಇಂಗ್ಲಿಷ್ ರಾಕ್ ಬೇಕಂದ್ರ ಕ್ಯಾಂಪ್ ಕಡೆ ಹಳೆ ಮನಿ ಖಾಲಿ ಮಾಡೂಮುಂದ, ಮಿಲಿಟರಿಯವರು ಸಾಮಾನು ಮಾರೂಮುಂದ ಗುರುತಿನವರಿಗೆ ಹೇಳಿ ಇಡ್ರಿ. ಚೋರ್ಲಾ ಘಾಟ್ ಇಳದ್ರ ಗೋವಾ ಐತಿ, ಮಾಪುಸಾ ಶುಕ್ರವಾರ ಸಂತಿ ಒಮ್ಮೆ ನೋಡ್ರಿ, ಮುಂಬೈಕ್ಕ ಹೋದ್ರ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಆದ್ರ ವಿಓ 6 ಅಂಥಾದ್ದು ಖರೇವಂದ್ರ ಡಿಸ್ಕಾಗ್ಸ್ ಅನ್ನೂ ರೆಕಾರ್ಡ್ ಮಾರೂ ವೆಬ್‌ಸೈಟಿನ್ಯಾಗ ಹೊರದೇಶದವರ ಕಡೆನ ಸಿಗೂದು. ಅಲ್ಲಿ ಕೇಳೂ ರೇಟ್ ನೋಡಬ್ಯಾಡ್ರಿ, ಹಿಂದ ಎಷ್ಟಕ್ಕ ಮಾರಾಟ ಆಗೈತಿ ಅನ್ನೂ ಹಿಸ್ಟರಿ ನೋಡ್ರಿ. ರೆಕಾರ್ಡಿನ ಸ್ಥಿತಿ ಹೇಳೂ ಗ್ರೇಡ್ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಇದ್ರ ಕಣ್ಣಾಗ ಗೆರಿ ಕಂಡ್ರೂ ಕೇಳಾಕ ಅಡ್ಡಿಯಿಲ್ಲ. ಬರೇ ವಿಜಿ ಅಂದ್ರ ಮೊದಲ ಹಾಡಿನ ಮಳಿ ಜೋಡಿ ರೆಕಾರ್ಡಿನ ಚಟಪಟಾನೂ ಕೇಳಸ್ತೈತಿ, ಅದರ ಕೆಳಗಿನದು ಬ್ಯಾಡ. ಗ್ರೇಡ್ ಕಣ್ಣಿಲೆ ನೋಡಿ ಕೊಟ್ಟದ್ದೋ ಬಾರಿಸಿ ಕೊಟ್ಟದ್ದೋ ಅಂತ ಕೇಳ್ರಿ, ಇದು ಭಾಳ ಮುಖ್ಯ.

ರೊಕ್ಕ ಕೊಡೂಕಿಂತ ಮೊದಲ ಮಾರವರಿಗೆ ಒಂದು ಮಾತು ಬರೀರಿ, ರೆಕಾರ್ಡನ್ನ ಕವರಿನಿಂದ ಹೊರಗ ತಗದು, ಪಕ್ಕದಾಗ ಇಟ್ಟು, ಎರಡೂ ಕಡೆ ದಪ್ಪ ರಟ್ಟು ಹಾಕಿ ಕಳಸ್ರಿ ಅಂತ. ಒಳಗ ಬಿಟ್ರ ಪಾರ್ಸೆಲ್ ಒಗದಾಡೂಮುಂದ ರೆಕಾರ್ಡ್ ಕವರಿನ ಹೊಲಿಗಿ ಸೀಳಿಕೊಂಡು ಹೊರಗ ಬರ್ತೈತಿ. ಕಸ್ಟಮ್ಸ್ ಡ್ಯೂಟಿ, ಟ್ಯಾಕ್ಸ್ ಬೀಳಬಹುದು, ಆಧಾರ್ ಕೇಳಬಹುದು, ಅದನ್ನೂ ಬಜೆಟ್‌ನ್ಯಾಗ ಹಿಡೀರಿ.

ಮನಿಗೆ ಬಂದ ಮ್ಯಾಲೆ ಡಿಸ್ಟಿಲ್ಡ್ ವಾಟರ್, ಮೆತ್ತನ ಮೈಕ್ರೋಫೈಬರ್ ಬಟ್ಟಿ, ಗೆರಿ ಹೋದ ದಿಕ್ಕಿಗೆ ಒರಸ್ರಿ, ಲೇಬಲ್ ನೀರಾಗಬಾರದು. ಜಿಡ್ಡಿದ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬೆರಸಬಹುದು, ಆದ್ರ ಅಜ್ಜನ ಕಾಲದ 78 ಆರ್‌ಪಿಎಮ್ ರೆಕಾರ್ಡಿಗೆ ಮಾತ್ರ ಅದನ್ನ ಹಚ್ಚಬ್ಯಾಡ್ರಿ, ಅವು ಅರಗಿನವು, ಆಲ್ಕೋಹಾಲಿಗೆ ಕರಗ್ತಾವ. ಬೆಳಗಾವಿ ಮಳಿಗಾಲ ನಿಮಗ ಗೊತ್ತೈತಿ, ಜೂನಿಂದ ಸೆಪ್ಟೆಂಬರ್ ತನಕ ಗೋಡಿ ಹಸಿ ಆರೂದಿಲ್ಲ, ಗೇಟ್‌ಫೋಲ್ಡ್ ಒಳಗ ಬೂಷ್ಟು ಹಿಡಿತೈತಿ. ಗೋಡಿಗೆ ಹಚ್ಚಿ ಇಡಬ್ಯಾಡ್ರಿ, ಕಪಾಟಿನ್ಯಾಗ ಸಿಲಿಕಾ ಜೆಲ್ ಇಡ್ರಿ, ಬಿಸಿಲು ಬಿದ್ದ ದಿನ ಕಪಾಟಿನ ಬಾಗಲಾ ತಗದು ಗಾಳಿ ಆಡಾಕ ಬಿಡ್ರಿ. ವಿಜಯಪುರ, ಬಾಗಲಕೋಟಿ ಕಡೆಯವರಿಗೆ ಮಳಿಕಿಂತ ಏಪ್ರಿಲ್ ಮೇ ಬಿಸಿಲಿಂದ ಕಾಟ, ಮ್ಯಾಳಿಗಿ ಕೆಳಗಿನ ಬಿಸಿ ಖೋಲಿ, ನಿಂತ ಕಾರು, ಎರಡರಾಗೂ ರೆಕಾರ್ಡ್ ಸೊಟ್ಟ ಆಗ್ತೈತಿ. ಯಾವಾಗ್ಲೂ ನೆಟ್ಟಗ ನಿಲ್ಲಿಸಿ ಇಡ್ರಿ, ಒಂದರ ಮ್ಯಾಲೊಂದು ಹೇರಬ್ಯಾಡ್ರಿ. ಹೊರಗಿನ ಪ್ಲಾಸ್ಟಿಕ್ ಕವರ್ ಪಿವಿಸಿದು ಬ್ಯಾಡ, ವರ್ಷಗಟ್ಟಲೆ ಹಂಗ ಇದ್ರ ಅದು ರೆಕಾರ್ಡಿನ ಮ್ಯಾಲೆ ಮಬ್ಬು ಕಲಿ ಬಿಡ್ತೈತಿ, ಪಾಲಿಥೀನ್‌ದು ತಗೋರಿ. ಸೂಜಿ ಭಾರ ಕಾರ್ಟ್ರಿಜ್ (ಸೂಜಿ ಕೂಡಿಸಿರೂ ಭಾಗ) ಕಂಪನಿ ಹೇಳಿದಷ್ಟ ಇರಬೇಕು, ಸವದ ಸೂಜಿ ಇಟ್ಟು ಸುರುಳಿ ಲೇಬಲ್ ಬಾರಿಸಬ್ಯಾಡ್ರಿ, ಹೊಸಾ ಸೂಜಿ ಬರೂತನಕ ತಡೀರಿ.