ಮುಂಗಾಜಿಗೆ ನೀರು ಚಿಮ್ಮುತ್ತಿಲ್ಲವೇ? ಕಾರಿನ ವಾಷರ್ ಪಂಪನ್ನು ನೀವೇ ಬದಲಿಸುವ ಬಗೆ

ಮುಂದೆ ಸಾಗುತ್ತಿರುವ ಲಾರಿಯ ಚಕ್ರಗಳಿಂದ ಎದ್ದ ಕೆಸರು ಕಾರಿನ ಮುಂಗಾಜಿಗೆ ಬಂದು ಬಡಿದಾಗ ಚಾಲಕನ ಕೈ ತಾನಾಗಿಯೇ ವೈಪರ್ ಸ್ವಿಚ್ಚಿನತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ನೀರು ಚಿಮ್ಮದೆ ವೈಪರ್ ಮಾತ್ರ ಓಡಿದರೆ, ಕೆಸರು ಹೋಗುವ ಬದಲು ಗಾಜಿನ ಉದ್ದಗಲಕ್ಕೂ ಬಳಿದುಕೊಂಡು, ಅದುವರೆಗೆ ಕಾಣುತ್ತಿದ್ದಷ್ಟು ದಾರಿಯೂ ಮರೆಯಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಮುಂದೆ ಹೋಗಿರುತ್ತದೆ ಎಂಬುದನ್ನು ನೆನೆದರೆ, ಅಂಗೈಯಲ್ಲಿ ಹಿಡಿಯಬಹುದಾದ ಈ ಪಂಪಿನ ದುರಸ್ತಿಯನ್ನು ಮುಂದೂಡುವುದು ಎಷ್ಟು ಅಪಾಯಕರ ಎಂಬುದು ತಿಳಿಯುತ್ತದೆ. ಸಾಮಾನ್ಯ ಉಪಕರಣಗಳನ್ನು ಬಳಸಬಲ್ಲ ಯಾರೇ ಆದರೂ ಒಂದೆರಡು ಗಂಟೆಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಆದರೆ ಬಿಚ್ಚುವುದಕ್ಕೆ ಮುನ್ನ, ಕೆಟ್ಟಿರುವುದು ನಿಜವಾಗಿಯೂ ಪಂಪೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯದೆಂದು ಕಿತ್ತೆಸೆಯುವ ಪಂಪುಗಳಲ್ಲಿ ಎಷ್ಟೋ ಸುಸ್ಥಿತಿಯಲ್ಲೇ ಇರುತ್ತವೆ.

ಪಂಪು ಕೆಲಸ ಮಾಡುವ ರೀತಿ

ಹೆಚ್ಚಿನ ಕಾರುಗಳಲ್ಲಿ ಮುಂಚಕ್ರದ ಮೇಲಿನ ಮಡ್‌ಗಾರ್ಡಿನ ಒಳಬದಿಯಲ್ಲೋ ಬಂಪರಿನ ಮೂಲೆಯ ಹಿಂದೆಯೋ ಕೆಲವು ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಅದರ ತಳದ ಹತ್ತಿರ ಒಂದು ರಂಧ್ರ, ಆ ರಂಧ್ರಕ್ಕೆ ತೊಡಿಸಿದ ಗ್ರಾಮೆಟ್ ಎಂಬ ರಬ್ಬರಿನ ಬಳೆ, ಆ ಬಳೆಯೊಳಗೆ ಒತ್ತಿ ಕೂರಿಸಿದ ಪಂಪಿನ ಮೂತಿ. 12 ವೋಲ್ಟಿನ ಪುಟ್ಟ ಮೋಟಾರು ಒಳಗಿನ ರೆಕ್ಕೆಚಕ್ರವನ್ನು ವೇಗವಾಗಿ ತಿರುಗಿಸಿದಾಗ ನೀರು ಪೈಪಿನ ಮೂಲಕ ಹರಿದು ನಾಝಲ್‌ಗಳಿಂದ ಗಾಜಿಗೆ ಚಿಮ್ಮುತ್ತದೆ. ಈ ಬಗೆಯ ಪಂಪಿಗೆ ಕೆಳಗಿನಿಂದ ನೀರನ್ನು ಹೀರಿಕೊಳ್ಳುವ ಶಕ್ತಿಯಿಲ್ಲ. ನೀರು ತಾನಾಗಿ ಹರಿದು ಅದರೊಳಗೆ ತುಂಬಿಕೊಳ್ಳಬೇಕು. ಅದನ್ನು ಟ್ಯಾಂಕಿನ ತಳದಲ್ಲೇ ಇರಿಸುವುದು ಈ ಕಾರಣಕ್ಕೆ. ಒಳಗಿನ ಸೀಲನ್ನು ತಂಪಾಗಿಯೂ ನುಣುಪಾಗಿಯೂ ಇಡುವುದು ಅದೇ ನೀರು. ಹಾಗಾಗಿ ಟ್ಯಾಂಕ್ ಬರಿದಾಗಿದ್ದರೂ ಸ್ವಿಚ್ಚನ್ನು ಮತ್ತೆ ಮತ್ತೆ ಎಳೆಯುವ ಅಭ್ಯಾಸ ಪಂಪಿನ ಆಯುಸ್ಸನ್ನು ಬೇಗ ಮುಗಿಸುತ್ತದೆ.

ಹಿಂಗಾಜಿಗೂ ನೀರು ಹಾಯಿಸುವ ಕಾರುಗಳಲ್ಲಿ ಕೆಲವಕ್ಕೆ ಎರಡು ಪಂಪುಗಳಿರುತ್ತವೆ. ಇನ್ನು ಕೆಲವಕ್ಕೆ ಒಂದೇ ಪಂಪು, ಎರಡು ಪೈಪು; ವಿದ್ಯುತ್ತಿನ ಧನ ಋಣಗಳು ಅದಲುಬದಲಾದಾಗ ಮೋಟಾರು ತಿರುಗುವ ದಿಕ್ಕು ಬದಲಾಗಿ, ನೀರು ಒಮ್ಮೆ ಮುಂದಕ್ಕೆ, ಇನ್ನೊಮ್ಮೆ ಹಿಂದಕ್ಕೆ ಹೋಗುತ್ತದೆ.

ಮೊದಲು ರೋಗಪತ್ತೆ

ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡಿಕೊಂಡು, ನಿಶ್ಶಬ್ದವಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿರಿ. ಒಬ್ಬರು ಸ್ವಿಚ್ಚನ್ನು ಎರಡು ಮೂರು ಸೆಕೆಂಡು ಎಳೆದು ಹಿಡಿಯಲಿ, ಇನ್ನೊಬ್ಬರು ಟ್ಯಾಂಕಿನ ಬಳಿ ಕಿವಿಗೊಡಲಿ. ಕೆಲವು ಕಾರುಗಳಲ್ಲಿ ಬಾನೆಟ್ ತೆರೆದಿದ್ದರೆ ವಾಷರ್ ಓಡದಂತೆ ತಡೆಯಿರುವುದರಿಂದ, ಬಾನೆಟ್ ಮುಚ್ಚಿಯೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಗುಂಯ್‌ಗುಡುವ ಸದ್ದು ಸ್ಪಷ್ಟವಾಗಿ ಕೇಳಿಸಿ ನೀರು ಮಾತ್ರ ಬಾರದಿದ್ದರೆ ದೋಷ ಬಹುತೇಕ ನೀರಿನ ದಾರಿಯಲ್ಲಿದೆ. ಪಂಪಿನಿಂದ ಹೊರಡುವ ಪೈಪನ್ನು ಕಳಚಿ ಮತ್ತೊಮ್ಮೆ ಓಡಿಸಿದಾಗ ಪಂಪಿನ ಬಾಯಿಂದ ನೀರು ಜೋರಾಗಿ ಚಿಮ್ಮಿದರೆ, ಪೈಪು ಎಲ್ಲೋ ಮಡಚಿದೆ, ಸೀಳಿದೆ ಅಥವಾ ನಾಝಲ್ ಕಟ್ಟಿಕೊಂಡಿದೆ ಎಂದು ಅರ್ಥ. ಪೈಪು ಕಳಚಿದ ಮೇಲೂ ನೀರು ಬಾರದಿದ್ದರೆ ಪಂಪಿನ ಮೂತಿಗಿರುವ ಜಾಲರಿಗೆ ಪಾಚಿ, ರಾಡಿ ಮೆತ್ತಿಕೊಂಡಿರಬಹುದು. ಪಂಪನ್ನು ಹೊರತೆಗೆದು ಜಾಲರಿ ತೊಳೆದರೆ ಅದೇ ಪಂಪು ಇನ್ನೂ ಕೆಲವು ವರ್ಷ ದುಡಿಯಬಹುದು.

ಸದ್ದೇ ಇಲ್ಲವಾದರೆ ಮೊದಲು ಫ್ಯೂಸ್ ನೋಡಬೇಕು. ವಾಷರಿನ ಫ್ಯೂಸ್ ಎಲ್ಲಿದೆ, ಎಷ್ಟು ಆಂಪಿಯರಿನದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿರಿ. ಹೆಚ್ಚಿನದನ್ನು ಹಾಕುವುದೆಂದರೆ ಫ್ಯೂಸಿನ ಬದಲು ತಂತಿಯನ್ನೇ ಸುಡಲು ಬಿಟ್ಟಂತೆ. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಪಂಪಿನ ಮೋಟಾರು ಸಿಕ್ಕಿಹಾಕಿಕೊಂಡಿದೆ ಅಥವಾ ತಂತಿ ಎಲ್ಲೋ ಶಾರ್ಟ್ ಆಗಿದೆ.

ಫ್ಯೂಸ್ ಸರಿಯಿದ್ದರೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿ ಅಳತೆಗೆ ಇಟ್ಟು, ಸ್ವಿಚ್ಚನ್ನು ಎಳೆದು ಹಿಡಿದಿರುವಾಗ ಪಂಪಿನ ಕನೆಕ್ಟರಿನಲ್ಲಿ ವಿದ್ಯುತ್ ಬರುತ್ತಿದೆಯೇ ಎಂದು ಅಳೆಯಿರಿ. 12 ವೋಲ್ಟಿನ ಆಸುಪಾಸು ತೋರಿಸಿದರೆ ಪಂಪು ಸತ್ತಿದೆ ಎಂದು ಅನೇಕರು ಇಲ್ಲಿಗೇ ತೀರ್ಮಾನಿಸುತ್ತಾರೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎನ್ನುತ್ತೇನೆ. ಒಳಗೆ ತುಕ್ಕು ಹಿಡಿದು ಒಂದೆರಡು ಎಳೆಗಳಷ್ಟೇ ಉಳಿದಿರುವ ತಂತಿಯೂ ಮೀಟರಿನಲ್ಲಿ ಪೂರ್ತಿ 12 ವೋಲ್ಟ್ ತೋರಿಸಬಲ್ಲದು, ಏಕೆಂದರೆ ಮೀಟರು ಎಳೆದುಕೊಳ್ಳುವ ಕರೆಂಟು ನಗಣ್ಯ. ಮೋಟಾರು ಕರೆಂಟು ಕೇಳಿದ ಕ್ಷಣ ಆ ವೋಲ್ಟ್ ಕುಸಿದುಹೋಗುತ್ತದೆ. ಆದ್ದರಿಂದ ಕನೆಕ್ಟರನ್ನು ಪಂಪಿಗೆ ಜೋಡಿಸಿಟ್ಟೇ ಅದರ ಹಿಂಬದಿಯಿಂದ ಮೀಟರಿನ ಮೊನೆಗಳನ್ನು ತಾಗಿಸಿ ಅಳೆಯುವುದು ಸರಿಯಾದ ವಿಧಾನ. ಆಗಲೂ 12ರ ಹತ್ತಿರವೇ ಇದ್ದು ಪಂಪು ಅಲುಗದಿದ್ದರೆ ಅದು ಕೆಟ್ಟಿರುವುದರಲ್ಲಿ ಅನುಮಾನವಿಲ್ಲ. ವೋಲ್ಟೇ ಬಾರದಿದ್ದರೆ ರಿಲೇ (ಸ್ವಿಚ್ಚು ಎಳೆದಾಗ ವಿದ್ಯುತ್ತನ್ನು ಹಾಯಿಸುವ ಪುಟ್ಟ ಸಾಧನ), ಸ್ವಿಚ್ಚು ಅಥವಾ ತಂತಿಯಲ್ಲಿ ತೊಂದರೆಯಿದೆ. ಹೊಸ ಪಂಪಿನಿಂದ ಅದು ಪರಿಹಾರವಾಗದು. ಮೀಟರಿನಲ್ಲಿ ಅಂಕಿಯ ಹಿಂದೆ ಋಣಚಿಹ್ನೆ ಕಂಡರೆ ಗಾಬರಿ ಬೇಡ. ಮೊನೆಗಳು ಅದಲುಬದಲಾಗಿವೆ, ಅಷ್ಟೇ.

ಕೈಗೆ ಬೇಕಾದವು

ಕಾರಿನ ಮಾದರಿ ಮತ್ತು ತಯಾರಿಕಾ ವರ್ಷಕ್ಕೆ ಹೊಂದುವ ಪಂಪು, ಅದರೊಂದಿಗೆ ಹೊಸ ಗ್ರಾಮೆಟ್. ಈ ಎರಡನೆಯದನ್ನು ಮರೆಯಬಾರದು. ವರ್ಷಗಟ್ಟಲೆ ಹಳೆಯ ಪಂಪಿನ ಆಕಾರಕ್ಕೆ ಒಗ್ಗಿ ಗಡುಸಾದ ರಬ್ಬರು ಹೊಸ ಪಂಪನ್ನು ಬಿಗಿಯಾಗಿ ಅಪ್ಪಿಕೊಳ್ಳುವುದಿಲ್ಲ. ಮೊದಲ ಸಲ ಈ ಕೆಲಸ ಮಾಡಿದಾಗ ನಾನು ಹಳೆಯ ಗ್ರಾಮೆಟ್ಟನ್ನೇ ಉಳಿಸಿಕೊಂಡಿದ್ದೆ. ಪಂಪು ಚೆನ್ನಾಗಿಯೇ ಓಡಿತು, ಆದರೆ ಹನಿಹನಿಯಾಗಿ ಸೋರಿ ಎರಡೇ ದಿನಗಳಲ್ಲಿ ಟ್ಯಾಂಕು ಬರಿದಾಗಿ, ಎಲ್ಲವನ್ನೂ ಮತ್ತೆ ಬಿಚ್ಚಬೇಕಾಯಿತು.

ಇವಲ್ಲದೆ ಸ್ಪ್ಯಾನರುಗಳು, ಎರಡೂ ಬಗೆಯ ಸ್ಕ್ರೂಡ್ರೈವರ್, ಅಗಲ ಬಾಯಿಯ ಬಕೆಟ್ಟು, ಟಾರ್ಚು, ಕೈಗವಸು, ಗುರುತು ಹಾಕಲು ಬಣ್ಣದ ಟೇಪು ಇದ್ದರೆ ಸಾಕು.

ಪಂಪಿನ ಬಳಿಗೆ ತಲುಪುವುದು

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಲು ಬಿಡಿ. ಬಳಿಕ ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿ ದೂರ ಸರಿಸಿರಿ. ಬಂಪರಿನ ಹಿಂಭಾಗದಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಸೆನ್ಸರುಗಳೂ ಇರಬಹುದಾದ್ದರಿಂದ ಇದನ್ನು ಅನಗತ್ಯ ಎಚ್ಚರಿಕೆಯೆಂದು ಬಿಟ್ಟುಬಿಡಬೇಡಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದನ್ನು ಮುಟ್ಟದಿರುವುದೇ ಕ್ಷೇಮ.

ಕೆಲವು ಕಾರುಗಳಲ್ಲಿ ಬಾನೆಟ್ ತೆರೆದೊಡನೆ ಪಂಪು ಕಣ್ಣಿಗೆ ಬೀಳುತ್ತದೆ. ಅಂಥವರ ಕೆಲಸ ಅರ್ಧ ಗಂಟೆಯದು. ಉಳಿದವರು ಟ್ಯಾಂಕ್ ಇರುವ ಬದಿಯ ಚಕ್ರದ ಗೂಡಿನಿಂದಲೇ ಒಳಹೊಗಬೇಕು. ಬ್ಯಾಟರಿ ಕಳಚುವುದಕ್ಕೆ ಮುಂಚೆಯೇ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಚಕ್ರದ ಹಿಂದೆಯೋ ಮುಂದೆಯೋ ಕೈ ಹೋಗುವಷ್ಟು ಜಾಗ ಸಿಗುತ್ತದೆ, ಚಕ್ರ ಬಿಚ್ಚುವ ಪ್ರಮೇಯ ಬರುವುದು ಅಪರೂಪ. ಹಾಗೆ ಬಿಚ್ಚಲೇಬೇಕಾದಾಗ ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕಿನಿಂದ ಎತ್ತಿದ ಕಾರನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿರಿ. ಕೇವಲ ಜಾಕಿನ ಮೇಲೆ ನಿಂತಿರುವ ಕಾರಿನ ಅಡಿಗೆ ಮೈಯ ಯಾವ ಭಾಗವನ್ನೂ ಒಡ್ಡಬಾರದು.

ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆಯನ್ನು ಸ್ಕ್ರೂಗಳೂ ಪ್ಲಾಸ್ಟಿಕ್ ಕ್ಲಿಪ್‌ಗಳೂ ಹಿಡಿದಿರುತ್ತವೆ. ಕ್ಲಿಪ್ಪಿನ ನಡುವಿನ ಮೊಳೆಯನ್ನು ಮೊದಲು ಮೇಲಕ್ಕೆತ್ತಿ, ಆಮೇಲೆ ಇಡೀ ಕ್ಲಿಪ್ಪನ್ನು ಎಳೆದರೆ ಮುರಿಯದೆ ಬರುತ್ತದೆ. ಹೊದಿಕೆಯನ್ನು ಪೂರ್ತಿ ತೆಗೆಯಬೇಕಾಗಿಲ್ಲ; ಟ್ಯಾಂಕಿನ ಬದಿಯ ಅರ್ಧವನ್ನು ಬಾಗಿಸಿ ಹಿಡಿದರೆ ಸಾಕಾಗುತ್ತದೆ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ಗೊಂದಲವಿರುವುದಿಲ್ಲ.

ಹಳೆಯದನ್ನು ತೆಗೆಯುವುದು

ಪಂಪನ್ನು ಎಳೆದ ಕ್ಷಣವೇ ಟ್ಯಾಂಕಿನ ನೀರೆಲ್ಲ ಹೊರಗೆ ಧುಮುಕುತ್ತದೆ. ಬಕೆಟ್ಟನ್ನು ಮೊದಲೇ ಅಡಿಗಿಡಿ. ಈ ನೀರನ್ನು ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡುವುದು ಅಗತ್ಯ, ಏಕೆಂದರೆ ಅನೇಕ ವಾಷರ್ ದ್ರಾವಣಗಳಲ್ಲಿ ವಿಷಕಾರಿಯಾದ ಮೆಥನಾಲ್ ಇರುತ್ತದೆ. ಅದು ಬೆಂಕಿಯನ್ನೂ ಬೇಗ ಹಿಡಿಯುತ್ತದೆ.

ಕನೆಕ್ಟರಿನ ಕೊಂಡಿಯನ್ನು ಒತ್ತಿ ಹಿಡಿದು ಹೊರಕ್ಕೆ ತೆಗೆಯಿರಿ. ಎಳೆಯಬೇಕಾದದ್ದು ಪ್ಲಾಸ್ಟಿಕ್ ಒಡಲನ್ನು, ತಂತಿಯನ್ನಲ್ಲ. ಎರಡು ಪೈಪುಗಳಿದ್ದರೆ ಕಳಚುವ ಮುಂಚೆ ಒಂದಕ್ಕೆ ಟೇಪು ಸುತ್ತಿ, ಅದು ಪಂಪಿನ ಯಾವ ಬಾಯಿಗೆ ಹೋಗುತ್ತದೆಂದು ಗುರುತಿಟ್ಟುಕೊಳ್ಳಿ. ಅದಲುಬದಲಾದರೆ ಮುಂದಿನ ಸ್ವಿಚ್ಚಿಗೆ ಹಿಂಗಾಜು ತೊಯ್ಯುತ್ತದೆ. ಗಡುಸಾಗಿ ಅಂಟಿಕೊಂಡ ಪೈಪನ್ನು ಜಗ್ಗಿದರೆ ಸೀಳುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದಕ್ಕೆ ಒಂದು ನಿಮಿಷ ಸುತ್ತಿಟ್ಟು, ಬಳಿಕ ನಿಧಾನವಾಗಿ ತಿರುಚುತ್ತಾ ತೆಗೆಯಿರಿ. ತುದಿ ಸಡಿಲವಾಗಿದ್ದು ಉದ್ದ ಸಾಕಷ್ಟಿದ್ದರೆ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ಹೊಸ ತುದಿಯನ್ನು ಬಳಸಬಹುದು.

ಸಾಮಾನ್ಯವಾಗಿ ಪಂಪಿನ ಮೇಲ್ಭಾಗ ಅದರ ಆಕಾರಕ್ಕೆ ತಕ್ಕಂತೆ ಟ್ಯಾಂಕಿನ ಮೈಯಲ್ಲಿ ತಗ್ಗಿಸಿದ ಒಂದು ಅಚ್ಚಿಗೆ ಒರಗಿರುತ್ತದೆ. ಮೇಲ್ಭಾಗವನ್ನು ಮೊದಲು ಆ ಅಚ್ಚಿನಿಂದ ಹೊರಕ್ಕೆ ಬಾಗಿಸಿ, ಆಮೇಲೆ ಅತ್ತಿತ್ತ ಹೊರಳಿಸುತ್ತಾ ಮೇಲಕ್ಕೆತ್ತಿದರೆ ಮೂತಿ ಗ್ರಾಮೆಟ್ಟಿನಿಂದ ಬಿಡಿಸಿಕೊಳ್ಳುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಟ್ಯಾಂಕಿನ ರಂಧ್ರದ ಅಂಚು ಒಡೆಯಬಹುದು. ಪಂಪು ಬಂದ ಮೇಲೆ ಹಳೆಯ ಗ್ರಾಮೆಟ್ಟನ್ನೂ ಜಾಲರಿಯನ್ನೂ ಬೆರಳಿನಿಂದ ಬಿಡಿಸಿರಿ. ಅವು ಟ್ಯಾಂಕಿನೊಳಕ್ಕೆ ಬೀಳದಂತೆ ನೋಡಿಕೊಳ್ಳಿ.

ಟ್ಯಾಂಕನ್ನು ತೊಳೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ. ಮೇಲಿನ ಬಾಯಿಂದ ಶುದ್ಧ ನೀರು ಸುರಿದು, ರಂಧ್ರದಿಂದ ಹೊರಬರುವ ನೀರು ತಿಳಿಯಾಗುವವರೆಗೆ ಹರಿಯಬಿಡಿ. ತಳದ ರಾಡಿಯನ್ನು ಹಾಗೆಯೇ ಬಿಟ್ಟರೆ ಹೊಸ ಪಂಪಿನ ಜಾಲರಿಯೂ ಕೆಲವೇ ವಾರಗಳಲ್ಲಿ ಮುಚ್ಚಿಹೋಗಬಹುದು. ಕನೆಕ್ಟರಿನೊಳಗಿನ ಲೋಹದ ಮೊನೆಗಳ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಉಜ್ಜಿ ಒಣಗಿಸಿರಿ.

ಹೊಸದನ್ನು ಕೂರಿಸುವುದು

ಹೊಸ ಗ್ರಾಮೆಟ್ಟನ್ನು ರಂಧ್ರಕ್ಕೆ ತೊಡಿಸಿ, ಅದರ ತೋಡು ಸುತ್ತಲೂ ರಂಧ್ರದ ಅಂಚಿಗೆ ಸಮನಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿರಿ. ಪಂಪಿನ ಮೂತಿಯನ್ನು ವಾಷರ್ ದ್ರಾವಣದಲ್ಲೋ ಸಾಬೂನು ನೀರಿನಲ್ಲೋ ಒದ್ದೆಮಾಡಿ ನೇರವಾಗಿ ಒತ್ತಿದರೆ ಜಾರಿಕೊಂಡು ಒಳಹೋಗುತ್ತದೆ. ಗ್ರೀಸು, ಎಂಜಿನ್ ಆಯಿಲು ಹಚ್ಚುವುದು ತಪ್ಪು; ಪೆಟ್ರೋಲಿಯಂ ಜಿಡ್ಡಿಗೆ ಇಂಥ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅಂಟು ಹಚ್ಚಿ ಸೋರಿಕೆ ತಡೆಯುವ ಯೋಚನೆಯೂ ಬೇಡ. ಮೂತಿ ಕೊನೆಯವರೆಗೂ ಇಳಿದ ಮೇಲೆ ಪಂಪಿನ ಮೇಲ್ಭಾಗವನ್ನು ಅಚ್ಚಿಗೆ ಒತ್ತಿ, ಗುರುತಿನಂತೆ ಪೈಪುಗಳನ್ನೂ, ಟಕ್ಕೆಂದು ಸದ್ದು ಬರುವಂತೆ ಕನೆಕ್ಟರನ್ನೂ ಜೋಡಿಸಿರಿ.

ಚಕ್ರದ ಗೂಡಿನ ಹೊದಿಕೆಯನ್ನು ಈಗಲೇ ಮುಚ್ಚಬಾರದು. ಟ್ಯಾಂಕನ್ನು ಅರ್ಧ ತುಂಬಿಸಿ, ಗ್ರಾಮೆಟ್ಟಿನ ಸುತ್ತ ಒಣ ಕಾಗದವೊಂದನ್ನು ಒತ್ತಿ, ಹತ್ತು ನಿಮಿಷ ಕಾಯಿರಿ. ಕಾಗದ ಒಣಗಿಯೇ ಇದ್ದರೆ ಬ್ಯಾಟರಿ ತಂತಿ ಜೋಡಿಸಿ ಸ್ವಿಚ್ಚನ್ನು ಎಳೆಯಿರಿ. ಖಾಲಿ ಪೈಪಿನಲ್ಲಿ ನೀರು ತುಂಬಿಕೊಳ್ಳಲು ಕೆಲವು ಸೆಕೆಂಡು ಹಿಡಿಯುತ್ತದೆ; ಹಿಂಗಾಜಿನ ಪೈಪು ಉದ್ದವಾದ್ದರಿಂದ ಅದಕ್ಕೆ ಇನ್ನೂ ತಡವಾಗುತ್ತದೆ. ಒಂದೇ ಸಮನೆ ಓಡಿಸದೆ ಐದೈದು ಸೆಕೆಂಡಿಗೊಮ್ಮೆ ಬಿಡುವು ಕೊಡುತ್ತಾ ಪ್ರಯತ್ನಿಸಿರಿ. ನೀರು ಬಂದಿತೆಂದರೆ ಹೊದಿಕೆ, ಕ್ಲಿಪ್ಪು, ಸ್ಕ್ರೂಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಲಿ.

ನೀರು ಗಾಜಿನ ಕೆಳಗಂಚಿಗೇ ಬೀಳುತ್ತಿದ್ದರೆ ಗುಂಡಿನಂತಿರುವ ನಾಝಲ್‌ನ ರಂಧ್ರದಲ್ಲಿ ಸೂಜಿಯಿಟ್ಟು ಸ್ವಲ್ಪ ಹೊರಳಿಸಬಹುದು. ಕಾರು ನಿಂತಿರುವಾಗ ಗಾಜಿನ ನಡುಭಾಗಕ್ಕಿಂತ ತುಸು ಮೇಲೆ ಬೀಳುವಂತೆ ಹೊಂದಿಸಿದರೆ, ಓಡುವಾಗ ಗಾಳಿಯ ಒತ್ತಡಕ್ಕೆ ಧಾರೆ ತಗ್ಗಿ ಸರಿಯಾದ ಜಾಗಕ್ಕೆ ಬರುತ್ತದೆ.

ಟ್ಯಾಂಕಿಗೆ ಏನು ತುಂಬಬೇಕು

ಗಡಸು ನೀರಿನ ಸುಣ್ಣದಂಶ ನಾಝಲ್‌ಗಳಲ್ಲಿ ಗಟ್ಟಿಯಾಗುತ್ತದೆ. ಪಾತ್ರೆ ತೊಳೆಯುವ ಸಾಬೂನು ನೊರೆಯೆದ್ದು ಗಾಜಿನ ಮೇಲೆ ಪೊರೆ ಬಿಡುತ್ತದೆ. ಹೆಪ್ಪುಗಟ್ಟುವ ಚಳಿಯಿರುವಲ್ಲಿ ಬರಿಯ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಪಂಪನ್ನೂ ಟ್ಯಾಂಕನ್ನೂ ಸೀಳುತ್ತದೆ. ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಿಂತ ಬೆಚ್ಚಗಿನ ನೀರಿನಲ್ಲಿ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದಿರುವ ತುಂತುರನ್ನು ಉಸಿರಾಡಿದರೆ ತೀವ್ರ ನ್ಯುಮೋನಿಯಾ ಬರಬಹುದು. ವಾಷರಿಗೆ ದ್ರಾವಣ ಬೆರೆಸದೆ ಬರಿಯ ನೀರು ಬಳಸುವ ಚಾಲಕರಿಗೆ ಈ ಕಾಯಿಲೆಯ ಅಪಾಯ ಹೆಚ್ಚು ಎಂಬುದನ್ನು ಬ್ರಿಟನ್ನಿನ ಸಂಶೋಧಕರು 2010ರಲ್ಲಿ ತೋರಿಸಿದರು. ಹಾಗಾಗಿ ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ವಾಷರ್ ದ್ರಾವಣವನ್ನು ಡಿಸ್ಟಿಲ್ಡ್ ನೀರಿಗೆ ಬೆರೆಸಿ ತುಂಬುವುದು ಕಾರಿಗೂ ಒಳಗೆ ಕೂತವರಿಗೂ ಒಳಿತು.

ತುಂಬಿಸಿದ ಮಟ್ಟಕ್ಕೆ ಸರಿಯಾಗಿ ಟ್ಯಾಂಕಿನ ಮೇಲೊಂದು ಗೆರೆ ಎಳೆದು, ಕಾರನ್ನು ರಾತ್ರಿಯಿಡೀ ಹಾಗೆಯೇ ನಿಲ್ಲಿಸಿರಿ. ಟ್ಯಾಂಕು ಕಣ್ಣಿಗೆ ಬೀಳದ ಕಾರುಗಳಲ್ಲಿ ಕತ್ತಿನವರೆಗೂ ತುಂಬಿಸಿಟ್ಟರೆ ಅದೇ ಗುರುತಾಗುತ್ತದೆ. ಬೆಳಿಗ್ಗೆ ನೀರು ಇಳಿದಿದ್ದರೆ, ಅಥವಾ ಟ್ಯಾಂಕಿನ ಕೆಳಗಿನ ನೆಲ ತೇವವಾಗಿದ್ದರೆ, ಗ್ರಾಮೆಟ್ಟಿನ ಅಂಚು ಎಲ್ಲೋ ಮಡಚಿಕೊಂಡಿದೆ ಎಂದು ತಿಳಿದು, ಪಂಪನ್ನು ಒಮ್ಮೆ ಹೊರತೆಗೆದು ಮತ್ತೆ ನೇರವಾಗಿ ಕೂರಿಸಿರಿ.