ಆಯಸ್ಕಾಂತ ದಿಕ್ಸೂಚಿಯ ಮುಳ್ಳನ್ನು ಎಷ್ಟು ತಿರುಗಿಸುತ್ತದೆ: ನಾನು ಅಳೆಯುವ ಬಗೆ

ದಿಕ್ಸೂಚಿಯ ಹತ್ತಿರ ಆಯಸ್ಕಾಂತ ತಂದರೆ ಮುಳ್ಳು ತಿರುಗುತ್ತದೆ, ಇದು ಎಲ್ಲರಿಗೂ ಗೊತ್ತು. ಎಷ್ಟು ತಿರುಗುತ್ತದೆ ಎಂದು ಅಳೆಯಲು ಹೊರಟಾಗ ಮಾತ್ರ ಭೂಮಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಭೂಮಿಯ ಕಾಂತಕ್ಷೇತ್ರ ಮುಳ್ಳನ್ನು ಉತ್ತರಕ್ಕೆ ತಿರುಗಿಸುತ್ತಲೇ ಇರುತ್ತದೆ. ಎರಡು ಕ್ಷೇತ್ರಗಳನ್ನು ಕೂಡಿಸಿದಾಗ ಬರುವ ದಿಕ್ಕಿನಲ್ಲಿ ಮುಳ್ಳು ನಿಲ್ಲುತ್ತದೆ. ಅದಕ್ಕೇ ನಾನು ಆಯಸ್ಕಾಂತವನ್ನು ದಿಕ್ಸೂಚಿಯ ಪೂರ್ವಕ್ಕೋ ಪಶ್ಚಿಮಕ್ಕೋ ಇಡುತ್ತೇನೆ, ಅದರ ಧ್ರುವ ದಿಕ್ಸೂಚಿಯ ಕಡೆ ಮುಖ ಮಾಡಿರಬೇಕು. ಆಗ ಎರಡು ಕ್ಷೇತ್ರಗಳೂ ಒಂದಕ್ಕೊಂದು ಲಂಬ. ಮುಳ್ಳು ತಿರುಗಿದ ಕೋನದ ಟ್ಯಾಂಜೆಂಟ್ (ಕ್ಯಾಲ್ಕುಲೇಟರಿನ tan) ತೆಗೆದರೆ, ಆಯಸ್ಕಾಂತದ ಕ್ಷೇತ್ರ ಭೂಮಿಯ ಕ್ಷೇತ್ರದ ಸಮತಲ ಘಟಕದ, ಅಂದರೆ ನೆಲಕ್ಕೆ ಸಮಾನಾಂತರವಾದ ಭಾಗದ, ಎಷ್ಟು ಪಾಲು ಎಂಬುದು ಸಿಗುತ್ತದೆ. 45 ಡಿಗ್ರಿ ಬಂತೆಂದರೆ ಎರಡೂ ಸಮ.

ಬೇಕಾಗುವುದು ಮರದ ಮೇಜು, ಡಿಗ್ರಿ ಗುರುತಿರುವ ದಿಕ್ಸೂಚಿ, ಮರದ ಅಥವಾ ಪ್ಲಾಸ್ಟಿಕ್ ಸ್ಕೇಲು, ಒಂದು ಚಿಕ್ಕ ನಿಯೋಡಿಮಿಯಮ್ ಆಯಸ್ಕಾಂತದ ಬಿಲ್ಲೆ. ಮೇಜಿನಡಿಯ ಕಬ್ಬಿಣದ ಚೌಕಟ್ಟು, ಮೊಳೆಗಳನ್ನು ಮೊದಲೇ ನೋಡಿಕೊಳ್ಳಬೇಕು. ದಿಕ್ಸೂಚಿಯನ್ನು ಮೇಜಿನ ಮೇಲೆ ನಿಧಾನವಾಗಿ ಸರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಮುಳ್ಳು ವಾಲಿದರೆ ಆ ಜಾಗ ಬಿಡಿ. ಫೋನು, ಸ್ಪೀಕರು, ಕೈಗಡಿಯಾರ ಒಂದು ಮೀಟರು ಆಚೆಗಿರಲಿ.

ಬಿಲ್ಲೆಯಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಅದನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಸಾಮಾನ್ಯ ಬಿಲ್ಲೆಗಳ ಧ್ರುವಗಳು ಎರಡು ಚಪ್ಪಟೆ ಮುಖಗಳಲ್ಲಿರುತ್ತವೆ. ಮಲಗಿಸಿದರೆ ಒಂದು ಧ್ರುವ ಮೇಲೆ, ಇನ್ನೊಂದು ಕೆಳಗೆ. ಮುಳ್ಳು ಪಕ್ಕಕ್ಕೆ ತಿರುಗುವ ಬದಲು ಒಂದು ತುದಿ ಕೆಳಗೆ ಬಾಗಿ ತಳಕ್ಕೆ ಉಜ್ಜುತ್ತದೆ. ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮರದ ತುಂಡಿಗೆ ಅಂಟಿಸಬೇಕು, ಅದರ ಮಧ್ಯಬಿಂದು ಮುಳ್ಳಿನ ಎತ್ತರಕ್ಕೇ ಬರಬೇಕು.

ದೂರವನ್ನು ಮುಳ್ಳಿನ ತಿರುಗುಮೊನೆಯಿಂದ ಬಿಲ್ಲೆಯ ಮಧ್ಯಕ್ಕೆ ಅಳೆಯುತ್ತೇನೆ, ದಿಕ್ಸೂಚಿಯ ಅಂಚಿನಿಂದಲ್ಲ. 16 ಸೆಂ.ಮೀ.ನಲ್ಲಿ 45 ಡಿಗ್ರಿ ತೋರಿಸುವ ಬಿಲ್ಲೆ 20 ಸೆಂ.ಮೀ.ಗೆ ಸುಮಾರು 27, 24ಕ್ಕೆ 16.5, 32ಕ್ಕೆ 7 ಡಿಗ್ರಿ ತೋರಿಸಬೇಕು. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ, ದೂರದ ಘನಕ್ಕೆ ವಿಲೋಮವಾಗಿ. 64 ಸೆಂ.ಮೀ.ಗೆ ಹೋದರೆ ಒಂದು ಡಿಗ್ರಿಯೂ ಉಳಿಯುವುದಿಲ್ಲ. ಇದರಿಂದ ಒಂದು ಅನುಕೂಲವಿದೆ: ಯಾವುದೇ ಆಯಸ್ಕಾಂತ 45 ಡಿಗ್ರಿ ತಿರುಗಿಸುವ ದೂರವನ್ನು ಕಂಡುಕೊಂಡು ಅದರ ನಾಲ್ಕು ಪಟ್ಟು ಆಚೆ ಇಟ್ಟರೆ ದಿಕ್ಸೂಚಿಯನ್ನು ನಂಬಬಹುದು. ಉದ್ದನೆಯ ದಂಡಕಾಂತಕ್ಕೆ ಹತ್ತಿರದಲ್ಲಿ ಈ ಲೆಕ್ಕ ಕೂಡುವುದಿಲ್ಲ. ಅದರ ಎರಡು ಧ್ರುವಗಳ ನಡುವಿನ ಅಂತರವೇ ದೊಡ್ಡದಾಗಿರುವುದರಿಂದ ಮುಳ್ಳು ಲೆಕ್ಕಕ್ಕಿಂತ ಹೆಚ್ಚು ತಿರುಗುತ್ತದೆ.

ಓದುವಾಗ ಅವಸರ ಬೇಡ. ಗಾಜನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಮೊನೆಯ ಘರ್ಷಣೆಗೆ ಸಿಕ್ಕಿಕೊಂಡ ಮುಳ್ಳು ಒಂದೆರಡು ಡಿಗ್ರಿ ಸರಿದು ನಿಜವಾದ ಜಾಗಕ್ಕೆ ಬರುತ್ತದೆ. ನೇರ ಮೇಲಿನಿಂದ ನೋಡಿ ಮುಳ್ಳಿನ ಎರಡೂ ತುದಿಗಳನ್ನು ಓದುತ್ತೇನೆ. ಮೊನೆ ವೃತ್ತದ ನಡುವೆ ಸರಿಯಾಗಿ ಕೂತಿಲ್ಲದಿದ್ದರೆ ಆ ತಪ್ಪು ಸರಾಸರಿಯಲ್ಲಿ ಕಳೆದುಹೋಗುತ್ತದೆ. ಬಿಲ್ಲೆಯ ಮುಖ ತಿರುಗಿಸಿ ಮತ್ತೆರಡು, ಪಶ್ಚಿಮಕ್ಕಿಟ್ಟು ಅದೇ ರೀತಿ ನಾಲ್ಕು: ಒಂದು ದೂರಕ್ಕೆ ಎಂಟು ಓದು. ಬೇಸರದ ಕೆಲಸ, ಆದರೆ ಆಯಸ್ಕಾಂತವಿಲ್ಲದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲುವಂತೆ ದಿಕ್ಸೂಚಿಯನ್ನು ಸರಿಯಾಗಿ ಹೊಂದಿಸದ ತಪ್ಪು ಬೇರೆ ದಾರಿಯಲ್ಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕೋನ 30ರಿಂದ 60ರ ಒಳಗೆ ಇರುವಂತೆ ದೂರವನ್ನು ಆರಿಸಿಕೊಳ್ಳಿ. 45ರಲ್ಲಿ ಒಂದು ಡಿಗ್ರಿ ತಪ್ಪಿದರೆ ಫಲಿತಾಂಶ ಶೇ 3.5ರಷ್ಟು ತಪ್ಪುತ್ತದೆ, 10ರಲ್ಲೋ 80ರಲ್ಲೋ ಅದೇ ಒಂದು ಡಿಗ್ರಿಗೆ ಶೇ 10.

ಮರ, ಕಾಗದ, ಗಾಜು, ಅಲ್ಯೂಮಿನಿಯಂ ನಡುವೆ ಬಂದರೆ ಓದಿನಲ್ಲಿ ವ್ಯತ್ಯಾಸವಿಲ್ಲ. ಕಬ್ಬಿಣದ ತಗಡು ಹಿಡಿದರೆ ವ್ಯತ್ಯಾಸ ಬರುತ್ತದೆ, ಆದರೆ ತಗಡೇ ಕಾಂತತ್ವ ಪಡೆದು ಮುಳ್ಳನ್ನು ಎಳೆಯುವುದರಿಂದ ಎಷ್ಟು ತಡೆಯಿತು ಎಂದು ಈ ಏರ್ಪಾಡಿನಲ್ಲಿ ಹೇಳಲಾಗದು.

ಬಿಲ್ಲೆಯನ್ನು ಕೆಲವೇ ಸೆಂಟಿಮೀಟರು ಹತ್ತಿರಕ್ಕೆ ಒಯ್ಯಬೇಡಿ. ಮುಳ್ಳಿನ ಧ್ರುವಗಳೇ ಅದಲುಬದಲಾಗಿ, ಉತ್ತರ ತೋರಿಸಬೇಕಾದ ಬಣ್ಣದ ತುದಿ ದಕ್ಷಿಣ ತೋರಿಸತೊಡಗಬಹುದು. ಹಾಗಾದರೆ ಸರಿಪಡಿಸಬಹುದು. ಮೊದಲು ಬಿಲ್ಲೆಯ ದಕ್ಷಿಣ ಮುಖ ಯಾವುದೆಂದು ಕೆಡದ ಇನ್ನೊಂದು ದಿಕ್ಸೂಚಿಯಿಂದ, ಸಾಕಷ್ಟು ದೂರದಲ್ಲಿ, ಗುರುತಿಸಿಕೊಳ್ಳಿ: ಅದರ ಉತ್ತರದ ತುದಿಯನ್ನು ಸೆಳೆಯುವುದೇ ದಕ್ಷಿಣ ಮುಖ. ಕೆಟ್ಟ ದಿಕ್ಸೂಚಿಗೆ ಲಾಕ್ ಇದ್ದರೆ ಹಾಕಿ. ಇಲ್ಲದಿದ್ದರೆ ಡಬ್ಬಿಯನ್ನು ಓರೆ ಮಾಡಿ ಮುಳ್ಳು ಗಾಜಿಗೆ ಒತ್ತಿ ನಿಲ್ಲುವಂತೆ ಹಿಡಿಯಿರಿ. ದಕ್ಷಿಣ ಮುಖವನ್ನು ಗಾಜಿನ ಮೇಲೆ ಬಣ್ಣವಿಲ್ಲದ ತುದಿಯಿಂದ ಬಣ್ಣದ ತುದಿಯವರೆಗೆ ಎಳೆದು, ಅದೇ ದಿಕ್ಕಿನಲ್ಲಿ ಮುಂದಕ್ಕೆ ಒಯ್ದು ದೂರ ಮಾಡಿ. ಎಳೆತ ಮುಗಿಯುವ ತುದಿ ಉತ್ತರ ಧ್ರುವವಾಗುತ್ತದೆ. ಮೂರ್ನಾಲ್ಕು ಸಲ ಎಳೆದರೆ ಸಾಕು, ಹಿಂದಕ್ಕೆ ಉಜ್ಜಬಾರದು. ಆಮೇಲೆ ಎರಡು ದಿಕ್ಸೂಚಿಗಳನ್ನು ಹೋಲಿಸುವಾಗ ಅರ್ಧ ಮೀಟರಾದರೂ ಅಂತರವಿರಲಿ, ಅಕ್ಕಪಕ್ಕ ಇಟ್ಟರೆ ಒಂದರ ಮುಳ್ಳು ಇನ್ನೊಂದನ್ನು ವಾಲಿಸುತ್ತದೆ.