ಪರದೆಯ ಮೇಲಿನ ಸೀರೆಯ ಬಣ್ಣವನ್ನು ಹಂಡೆಗೆ ಇಳಿಸಿದ ಬಗೆ

2023ರ ಜುಲೈ ಕೊನೆಯಲ್ಲಿ ಹಿಂದಿ ಚಿತ್ರ ‘ರಾಕಿ ಔರ್ ರಾನಿ ಕೀ ಪ್ರೇಮ್ ಕಹಾನಿ’ ತೆರೆಕಂಡ ಮೇಲೆ, ವಸ್ತ್ರವಿನ್ಯಾಸಕ ಮನೀಶ್ ಮಲ್ಹೋತ್ರಾ ಅವರು ನಾಯಕಿ ಆಲಿಯಾ ಭಟ್ ಅವರಿಗಾಗಿ ರೂಪಿಸಿದ ಶಿಫಾನ್ ಸೀರೆಗಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ‘ಇಂಥದ್ದೇ ಬೇಕು’ ಎನ್ನುವವರ ಸಂಖ್ಯೆ ನನ್ನ ಹೊಲಿಗೆಯಂಗಡಿಯಲ್ಲಿ ದಿನೇ ದಿನೇ ಹೆಚ್ಚುತ್ತ ಹೋಯಿತು. ಆವರೆಗೆ ನಾನು ರವಿಕೆ ಹೊಲಿದು, ಫಾಲ್ ಮತ್ತು ಪಿಕೋ ಮಾಡಿಕೊಟ್ಟು, ಬಣ್ಣ ಹಾಕಿಸುವ ಕೆಲಸ ಬಂದರೆ ಹೊರಗೆ ಕೊಟ್ಟು ತರಿಸುತ್ತಿದ್ದವಳು. ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿಯುವ ಆ ಸೀರೆಗಳು ಮಾರುಕಟ್ಟೆಗೆ ಬೇಗನೆ ಬಂದವು, ನಿಜ. ಆದರೆ ಬಂದದ್ದೆಲ್ಲ ಹೆಚ್ಚಾಗಿ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಚ್ಚು ಹಾಕಿದ್ದು. ಅದರ ನೆರಿಗೆ ಮೈಗೆ ಒರಗುವುದಿಲ್ಲ, ನಡೆಯುವಾಗ ಸೆರಗು ತೇಲುವುದಿಲ್ಲ. ರೇಷ್ಮೆ ಶಿಫಾನಿನ ಮೇಲೆ ನಾನೇ ಬಣ್ಣ ಇಳಿಸುತ್ತೇನೆ ಎಂದು ನಿಶ್ಚಯಿಸಿದ್ದು ಆಗ.

ನನಗೆ ಹದಿನೈದು ವರ್ಷದಿಂದ ಬಣ್ಣ ಹಾಕಿಕೊಡುತ್ತಿದ್ದ ಹಿರಿಯ ಮಾಸ್ತರರು ಕೇಳಿದ ಕೂಡಲೇ ತಲೆಯಾಡಿಸಿದರು. “ತಂಗೀ, ನೂಲು ತಾ, ಚೂರು ಬಟ್ಟೆ ತಾ, ಅದೇ ಬಣ್ಣ ಹಾಕಿಕೊಡುತ್ತೇನೆ. ಪರದೆ ಮೇಲೆ ಕಂಡದ್ದನ್ನು ಹಂಡೆಗೆ ಇಳಿಸಲು ನನ್ನಿಂದಲೂ ಆಗುವುದಿಲ್ಲ, ನಿನ್ನಿಂದಲೂ ಆಗುವುದಿಲ್ಲ” ಎಂದರು. ಪಕ್ಕದ ಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟಿರುವ ಇಬ್ಬರು ಗೆಳತಿಯರೂ ಅದನ್ನೇ ಹೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತೆಂಬುದು ಸುಮಾರು ನಲವತ್ತೆಂಟು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ ನನಗೆ ತಿಳಿಯಿತು. ಉಳಿದರ್ಧ ಸತ್ಯವನ್ನು ನಾನೇ ಹುಡುಕಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಬಟ್ಟೆಯಲ್ಲೇ. ‘ಅಪ್ಪಟ ರೇಷ್ಮೆ’ ಎಂದು ನಂಬಿಸಿದ ಒಬ್ಬ ವ್ಯಾಪಾರಿಯಿಂದ ಮೀಟರಿಗೆ ಮುನ್ನೂರೆಂಬತ್ತರಂತೆ ಇಪ್ಪತ್ತು ಮೀಟರು ತಂದೆ. ರೇಷ್ಮೆಗೆ ಹಿಡಿಯುವ ಆಸಿಡ್ ಡೈ ಎಂಬ ಬಣ್ಣ ಹಾಕಿ ಕುದಿಸಿದರೆ ಹಂಡೆಯ ನೀರು ಹಾಗೆಯೇ ಕೆಂಪಾಗಿ ಉಳಿಯಿತು. ಬಟ್ಟೆ ಮಾತ್ರ ತೊಳೆದ ಕೂಡಲೇ ಬಿಳಿಚಿಕೊಂಡಿತು. ಆಮೇಲೆ ಒಂದೆಳೆ ಕಿತ್ತು ಬೆಂಕಿಗೆ ಹಿಡಿದೆ: ಕೂದಲು ಸುಟ್ಟ ವಾಸನೆಯೂ ಇಲ್ಲ, ಬೆರಳಿನಲ್ಲಿ ಪುಡಿಯಾಗುವ ಬೂದಿಯೂ ಇಲ್ಲ, ಕರಗಿ ಗಟ್ಟಿ ಮಣಿಯಾಗಿ ಕುಳಿತಿತು. ಅದು ಪಾಲಿಯೆಸ್ಟರ್. ಅದಕ್ಕೆ ಡಿಸ್ಪರ್ಸ್ ಡೈ ಬೇಕು, ಒತ್ತಡದ ಯಂತ್ರದಲ್ಲಿ ಸುಮಾರು 130 ಡಿಗ್ರಿ ಶಾಖ ಬೇಕು. ನಮ್ಮಂಥವರ ಒಲೆಯ ಮೇಲೆ ಆಗುವ ಕೆಲಸವಲ್ಲ. ಈ ಪರೀಕ್ಷೆ ನಮಗೆಲ್ಲ ಗೊತ್ತಿರುವುದೇ, ಆದರೂ ಅಂದು ಕೈಗೆ ಮೆತ್ತಗೆ ಸಿಕ್ಕಿತೆಂಬ ಕಾರಣಕ್ಕೆ ಅದನ್ನು ಮಾಡದೆ ಹಣ ಕೊಟ್ಟಿದ್ದೆ. ಈಗ ಮೀಟರಿಗೆ ಆರುನೂರೈವತ್ತರಿಂದ ಏಳುನೂರರ ಒಳಗೆ ರೇಷ್ಮೆ ಶಿಫಾನ್ ತರುತ್ತೇನೆ, ಅಂಗಡಿಯ ಬಾಗಿಲಲ್ಲೇ ಎಳೆ ಸುಟ್ಟು ನೋಡುತ್ತೇನೆ. ಒಪ್ಪದ ವ್ಯಾಪಾರಿಯ ಬಳಿ ಮತ್ತೆ ಹೋಗುವುದಿಲ್ಲ.

ಎರಡನೆಯದು ಕುಗ್ಗುವಿಕೆ. ಶಿಫಾನಿನ ನೂಲಿಗೆ ಹುರಿ ಹೆಚ್ಚಾದ್ದರಿಂದ ಬಿಸಿನೀರಿಗೆ ಇಳಿದ ಕೂಡಲೇ ಬಟ್ಟೆ ಮುದುಡಿಕೊಳ್ಳುತ್ತದೆ. ಆರು ಮೀಟರು ಮೂವತ್ತು ಸೆಂಟಿಮೀಟರು ಕತ್ತರಿಸಿ ಹಾಕಿದ ಮೊದಲ ಎರಡು ಸೀರೆಗಳು, ರವಿಕೆಯ ತುಂಡು ತೆಗೆದ ಮೇಲೆ, ಸೆರಗು ಭುಜದಿಂದ ಒಂದು ಗೇಣು ಕೂಡ ಇಳಿಯದಷ್ಟು ಚಿಕ್ಕವಾದವು. ಅವನ್ನು ದುಪಟ್ಟಾ ಮಾಡಿ ಕೊಟ್ಟುಬಿಟ್ಟೆ. ಈಗ ಮೊದಲು ಬರಿಯ ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಅಳೆದು ಕತ್ತರಿಸುತ್ತೇನೆ.

ಇವೆರಡೂ ಕೈಗೆಲಸದ ತಪ್ಪುಗಳು, ತಿದ್ದಿಕೊಳ್ಳಬಹುದು. ನಿಜವಾಗಿ ನನ್ನ ನಿದ್ದೆಗೆಡಿಸಿದ್ದು ಬಣ್ಣ. ಚಿತ್ರದ ಹಾಡೊಂದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮೊಬೈಲನ್ನು ಹಂಡೆಯ ಪಕ್ಕದಲ್ಲೇ ಇಟ್ಟುಕೊಂಡು, ಗುಲಾಬಿಯ ಆ ಛಾಯೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ತಂದೆನೆಂದು ಹಿಗ್ಗಿದ್ದೆ. ಗಿರಾಕಿ ಅದನ್ನು ಉಟ್ಟು ಬೆಳಗಿನ ಬಿಸಿಲಿಗೆ ಬಂದಾಗ ಸೀರೆ ಇಟ್ಟಿಗೆಯ ಪುಡಿಯಂತೆ ಕಂಡಿತು. ಆಕೆಯ ಮುಖವೂ ಬಾಡಿದಂತಾಯಿತು. “ಅಕ್ಕಾ, ಇದು ಅದಲ್ಲ” ಎಂದಷ್ಟೇ ಹೇಳಿ ಮಡಿಚಿಟ್ಟು ಹೋದಳು. ಮುಂಗಡ ಹಿಂದಿರುಗಿಸಿದೆ. ಹೀಗೆ ಹಿಂದಿರುಗಿದ ಸೀರೆಗಳು ಆ ವರ್ಷ ಒಟ್ಟು ಹನ್ನೊಂದೋ ಹನ್ನೆರಡೋ ಇರಬೇಕು.

ಕಾರಣ ಹುಡುಕುತ್ತ ಹೋದಾಗ ಚಿತ್ರಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ಚಿತ್ರೀಕರಣ ಮುಗಿದ ಮೇಲೆ ಇಡೀ ಚಿತ್ರದ ಬಣ್ಣವನ್ನು ತಿದ್ದುತ್ತಾರೆ; ಕಲರ್ ಗ್ರೇಡಿಂಗ್ ಎನ್ನುವುದು ಅದಕ್ಕೇ. ನೆರಳಿಗೆ ನೀಲಿ-ಹಸಿರನ್ನೂ ಮುಖಕ್ಕೆ ಕಿತ್ತಳೆಯನ್ನೂ ಒತ್ತಿದ ಚಿತ್ರದಲ್ಲಿ ಯಾವ ಸೀರೆಯೂ ತನ್ನ ಬಣ್ಣದಲ್ಲಿ ಉಳಿದಿರುವುದಿಲ್ಲ. ಈಚಿನ ದೊಡ್ಡ ದೊಡ್ಡ ಐತಿಹಾಸಿಕ, ಸಾಹಸ ಚಿತ್ರಗಳ ಬಗ್ಗೆ ನನ್ನ ದೂರು ಇದೇ: ಇಡೀ ಚಿತ್ರವನ್ನು ಕಂದು ಹೊಗೆಯಲ್ಲಿ ಮುಳುಗಿಸಿದರೆ ಕೇಸರಿಯೂ ಒಂದೇ, ಕುಂಕುಮದ ಕೆಂಪೂ ಒಂದೇ ಆಗಿ, ವಸ್ತ್ರವಿನ್ಯಾಸಕರು ಪಟ್ಟ ಪಾಡೆಲ್ಲ ನೀರುಪಾಲಾಗುತ್ತದೆ. ಮೇಲೆ ಹೇಳಿದ ಹಿಂದಿ ಚಿತ್ರವನ್ನು ನಾನು ಮೆಚ್ಚುವುದು ಅದರ ಕಥೆಗಿಂತ ಹೆಚ್ಚಾಗಿ, ಸೀರೆ ಸೀರೆಯಾಗಿ ಕಾಣುವಷ್ಟು ಬೆಳಕನ್ನು ಅದು ಉಳಿಸಿಕೊಂಡದ್ದಕ್ಕಾಗಿ. ಸೆರಗು ಗಾಳಿಗೆ ಹಾರಿದಾಗ ಬಣ್ಣ ಉದ್ದಕ್ಕೆ ಇಳಿದಿದೆಯೋ ಅಡ್ಡಕ್ಕೆ ಇಳಿದಿದೆಯೋ ಎಂಬುದು ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ನಿಂತ ಚಿತ್ರದಲ್ಲಿ ಇದು ತಿಳಿಯುವುದೇ ಇಲ್ಲ. ನೆರಿಗೆ ಹಿಡಿದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಚಿತ್ರಪಟ ತಂದವರಿಗೆ ನಾನು ಈಗ ಮೊದಲು ಹೇಳುವ ಮಾತು, ನಟಿ ತಿರುಗುವ ಅಥವಾ ನಡೆಯುವ ನಾಲ್ಕು ಸೆಕೆಂಡಿನ ದೃಶ್ಯ ತನ್ನಿ ಎಂಬುದು.

ಬಣ್ಣದ ಗುಟ್ಟು ಬಿಚ್ಚಿಕೊಂಡದ್ದು ಚಿತ್ರದಿಂದ ಹೊರಗೆ. 2023ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸ್ವೀಕರಿಸಲು ಆಲಿಯಾ ಅವರು 2022ರ ಏಪ್ರಿಲಿನ ತಮ್ಮ ಮದುವೆಯ ಸೀರೆಯನ್ನೇ, ವಸ್ತ್ರವಿನ್ಯಾಸಕ ಸಬ್ಯಸಾಚಿ ಅವರ ದಂತವರ್ಣದ, ಆರ್ಗಾಂಜಾ ಎಂಬ ತೆಳು ಬಟ್ಟೆಯದನ್ನು, ಮತ್ತೆ ಉಟ್ಟು ಬಂದರು. ತಾರೆಯೊಬ್ಬರು ಉಟ್ಟದ್ದನ್ನೇ ಮತ್ತೆ ಉಡುವುದು ಹತ್ತು ಹೊಸ ಉಡುಗೆಗಿಂತ ದೊಡ್ಡ ಸಂಗತಿ ಎಂದು ನಾನು ತಿಳಿದಿದ್ದೇನೆ. ನನ್ನ ಗಿರಾಕಿಗಳಲ್ಲಿ ಐದಾರು ಮಂದಿ ಅಂದಿನಿಂದ ತಮ್ಮ ಮದುವೆ ಸೀರೆಗೆ ಹೊಸ ರವಿಕೆ ಹೊಲಿಸಿಕೊಂಡರು. ಆದರೆ ನನಗೆ ಆ ದಿನ ಸಿಕ್ಕ ಲಾಭ ಬೇರೆ. ಒಂದೇ ಸೀರೆ, ಒಬ್ಬರೇ ವ್ಯಕ್ತಿ, ಒಂದು ಕಡೆ ಮನೆಯ ಬಾಲ್ಕನಿಯ ಹಗಲು, ಇನ್ನೊಂದು ಕಡೆ ಸಭಾಂಗಣದ ದೀಪ. ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿದೆ. ಸೀರೆಯ ಬಣ್ಣ ಎರಡರಲ್ಲಿಯೂ ಬೇರೆಯಾಗಿ ಕಂಡಿತು. ಆದರೆ ಮುಂಗೈಯ ಮೈಬಣ್ಣಕ್ಕೂ ಸೀರೆಗೂ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ದೀಪ ಬದಲಾದರೆ ಚರ್ಮವೂ ಬಟ್ಟೆಯೂ ಒಟ್ಟಿಗೆ ಬದಲಾಗುತ್ತವೆ. ನಾನು ಅಷ್ಟು ದಿನ ಸೀರೆಯನ್ನು ಒಂಟಿಯಾಗಿ ನೋಡುತ್ತಿದ್ದೆ.

ಅಂದಿನಿಂದ ಪದ್ಧತಿ ಹೀಗಾಯಿತು. ನಾಲ್ಕು ಬೆರಳಗಲದ ರೇಷ್ಮೆ ಶಿಫಾನ್ ಪಟ್ಟಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಬಣ್ಣ ಹಾಕಿ, ಹಿಂಭಾಗದ ತುದಿಗೆ ಸಂಖ್ಯೆ ಹೊಲಿದು ಇಟ್ಟುಕೊಂಡಿದ್ದೇನೆ; ಈಗ ಅರವತ್ತಕ್ಕೂ ಮೇಲಿವೆ. ಗಿರಾಕಿಯನ್ನು ಬೆಳಗ್ಗೆ ಹತ್ತು ಹನ್ನೊಂದು ಗಂಟೆಗೆ ಕಿಟಕಿಯ ಪಕ್ಕ ಕೂರಿಸಿ, ಪಟ್ಟಿಯನ್ನು ಅವರ ಮುಂಗೈ ಮೇಲೆ ಹಾಸಿ, ಅವರದೇ ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ಆಮೇಲೆ ತಾರೆಯ ಚಿತ್ರವನ್ನೂ ಈ ಚಿತ್ರವನ್ನೂ ಅದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಬಟ್ಟೆಯನ್ನು ಪರದೆಗೆ ಹೋಲಿಸುವುದು ಬಿಟ್ಟು, ಪರದೆಯನ್ನು ಪರದೆಗೇ ಹೋಲಿಸುವುದು. ಮೊಬೈಲಿನಲ್ಲಿ ಬಣ್ಣಗಳನ್ನು ಢಾಳಾಗಿ ತೋರಿಸುವ ಆಯ್ಕೆಯನ್ನು ಮೊದಲೇ ತೆಗೆದು ಸಹಜಕ್ಕೆ ಇಟ್ಟುಕೊಳ್ಳಬೇಕು. ತಾರೆಯ ಚಿತ್ರವೂ ಒಂದೇ ಸಾಲದು: ಹಾಡಿನ ತುಣುಕು, ಪ್ರಚಾರದ ಸಂದರ್ಶನ, ಪತ್ರಿಕಾ ಛಾಯಾಗ್ರಾಹಕರು ತೆಗೆದದ್ದು, ಹೀಗೆ ಮೂರಾದರೂ ಬೇಕು, ಚೌಕಟ್ಟಿನಲ್ಲಿ ಎಲ್ಲಾದರೂ ಒಂದು ಬಿಳಿ ಅಂಗಿಯೋ ಬಿಳಿ ಕಾಗದವೋ ಇರುವ ಚಿತ್ರಕ್ಕೆ ಮೊದಲ ಮರ್ಯಾದೆ. ಗಿರಾಕಿಯ ಮೈಬಣ್ಣ ನಟಿಯದಕ್ಕಿಂತ ಬೇರೆಯಾಗಿದ್ದರೆ, ಹೆಚ್ಚಿನವರದ್ದು ಬೇರೆಯೇ ಆಗಿರುತ್ತದೆ, ನಾನು ನಟಿಯ ಸೀರೆಯ ಬಣ್ಣವನ್ನು ಕೈಬಿಟ್ಟು ಆ ಅಂತರವನ್ನು ಹಿಡಿಯುತ್ತೇನೆ. ಕೃಷ್ಣವರ್ಣದ ಒಬ್ಬ ಉಪನ್ಯಾಸಕಿಗೆ ತಿಳಿಗುಲಾಬಿಯ ಬದಲು ಎರಡು ಮೆಟ್ಟಿಲು ಗಾಢವಾದ ದಾಳಿಂಬೆ ಬಣ್ಣ ಹಾಕಿಕೊಟ್ಟೆ. ಕಾಲೇಜಿನ ಸಮಾರಂಭದಲ್ಲಿ ನೋಡಿದವರೆಲ್ಲ ‘ಆ ಚಿತ್ರದ ಸೀರೆಯಲ್ಲವೇ’ ಎಂದು ಕೇಳಿದರಂತೆ. ಬಣ್ಣ ಬೇರೆ, ಆದರೂ ಗುರುತು ಹಿಡಿದರು. ಆ ಸೀರೆಯನ್ನು ಮಾಸ್ತರರಿಗೆ ಒಯ್ದು ತೋರಿಸಿದೆ. ಅವರು ಕನ್ನಡಕ ತೆಗೆದು, ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಬಣ್ಣ ಬದಲಾಗುವ ಜಾಗದಲ್ಲಿ ಹೆಬ್ಬೆರಳು ಆಡಿಸಿ, “ಗೆರೆ ಎಲ್ಲಿ ಹೋಯಿತು?” ಎಂದು ಕೇಳಿದರು. ಅವರ ಬಾಯಿಂದ ಅಷ್ಟು ಬಂದದ್ದೇ ನನಗೆ ಪ್ರಶಸ್ತಿ.

ಗೆರೆಯ ವಿಷಯ ಅರ್ಧ ಹೇಳುತ್ತೇನೆ. ಸೀರೆ ಸುಮಾರು 220 ಗ್ರಾಂ ತೂಗುತ್ತದೆ, ಗಾಢ ತುದಿಗೆ ಐದು ಗ್ರಾಂ ಪುಡಿ ಸಾಕು. ಮೊದಲಿಗೆ ನಾನು ಎಲ್ಲರಂತೆ ತೆಳು, ಮಧ್ಯಮ, ಗಾಢ ಎಂದು ಮೂರು ಹಂಡೆ ಇಟ್ಟೆ. ಮೂರು ಪಟ್ಟೆ ಬಂದವು, ಇಳಿತ ಬರಲಿಲ್ಲ. ಈಗ ಒಂದೇ ಹಂಡೆ. ಅಸಿಟಿಕ್ ಆಸಿಡ್ ಇಲ್ಲದೆ ಆರಂಭಿಸಿದರೆ ಬಣ್ಣ ಅವಸರಪಡದೆ ಹತ್ತುತ್ತದೆ. ಬಟ್ಟೆಯನ್ನು ಮೆಲ್ಲಗೆ ಮೇಲೆತ್ತುತ್ತ ಹೋಗಿ, ಗಾಢ ಭಾಗವೊಂದೇ ನೀರಿನಲ್ಲಿ ಉಳಿದಾಗ, 85 ಡಿಗ್ರಿಯ ಹತ್ತಿರ, ಆಸಿಡ್ ಬೆರೆಸುತ್ತೇನೆ. ಎತ್ತುವ ಮುನ್ನ ಒದ್ದೆ ಬಟ್ಟೆಗೆ ಏನು ಸವರುತ್ತೇನೆ, ಹೇಗೆ ಮಡಿಚುತ್ತೇನೆ ಎಂಬೆರಡನ್ನು ನನ್ನ ಬಳಿ ಕೆಲಸ ಮಾಡುವ ಹುಡುಗಿಗೆ ಮಾತ್ರ ಕಲಿಸಿದ್ದೇನೆ.

ಇದೇ ಹುಮ್ಮಸ್ಸಿನಲ್ಲಿ ಇಳಕಲ್ ಸೀರೆಯ ಮೇಲೂ ಪ್ರಯೋಗ ಮಾಡಿದೆ. ಬಣ್ಣ ಮಾಸಿದ, ತಿಳಿಮೈಯ ಹಳೆಯ ಸೀರೆ, ಹತ್ತಿಯ ಮೈ, ರೇಷ್ಮೆಯ ಸೆರಗು. ಇಡೀ ಸೀರೆಯನ್ನು ಹಂಡೆಗೆ ಇಳಿಸಿದರೆ ಸೆರಗು ಬಣ್ಣವನ್ನು ಗಟಗಟ ಕುಡಿಯಿತು, ಮೈ ಬರಿದೇ ಕೊಳೆಯಾದಂತೆ ಕಂಡಿತು. ಆಸಿಡ್ ಡೈ ಹತ್ತಿಗೆ ಹಿಡಿಯುವುದಿಲ್ಲ ಎಂಬುದು ಗೊತ್ತಿದ್ದೂ ಅಷ್ಟು ಕಟುವಾಗಿರುತ್ತದೆಂದು ಎಣಿಸಿರಲಿಲ್ಲ. ಆದರೆ ಮೈಯ ಹಾಸಿಗೂ (ಉದ್ದೆಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿದ ಸಾಲು ಎಷ್ಟು ನೇರವಾಗಿದೆ ಎಂಬುದು ಬಣ್ಣದ ಅಂಚಿನಲ್ಲಿ ಮೂಡಿ ಕಂಡಿತು. ನೇಕಾರರು ಎಳೆ ಎಳೆಯಾಗಿ ಕೈಯಲ್ಲಿ ಸಿಕ್ಕಿಸಿದ ಆ ಸಾಲನ್ನು ನೋಡಲೆಂದೇ ಸೀರೆಯನ್ನು ಇಟ್ಟುಕೊಂಡಿದ್ದೇನೆ, ಮಾರಿಲ್ಲ. ಗುಳೇದಗುಡ್ಡದ ಖಣವನ್ನು ಇಳಿಬಣ್ಣದ ಶಿಫಾನಿಗೆ ರವಿಕೆಯಾಗಿ ಜೋಡಿಸಿದ್ದು ಮಾತ್ರ ಗೆದ್ದಿತು. ಸೀರೆ ನಯವಾದಷ್ಟೂ ರವಿಕೆಗೆ ಸ್ವಲ್ಪ ಬಿಗಿ ಇರಬೇಕೆಂಬುದು ನನ್ನ ಅಭಿಪ್ರಾಯ.

ಲೆಕ್ಕ ಹೇಳುವುದಾದರೆ, ಬಟ್ಟೆಗೆ ನಾಲ್ಕು ಸಾವಿರದ ಮುನ್ನೂರರ ಆಸುಪಾಸು, ಪುಡಿ, ಗ್ಯಾಸು, ಹುಡುಗಿಯ ಕೂಲಿ ಸೇರಿ ಇನ್ನೊಂದು ಏಳೆಂಟು ನೂರು. ನಾನು ತೆಗೆದುಕೊಳ್ಳುವುದು ಏಳೂವರೆ ಸಾವಿರ, ರವಿಕೆಗೆ ಬೇರೆ. ಎರಡು ಮದುವೆ ಹಂಗಾಮಿನಲ್ಲಿ ನಲವತ್ತಕ್ಕೂ ಹೆಚ್ಚು ಸೀರೆ ಹೋದವು, ಹಿಂದಿರುಗಿದ್ದು ಒಂದೇ. ಕಳೆದ ಹಣ ಕೈಸೇರಿ, ಮೇಲೆ ಹೊಸ ಸ್ಟೀಲ್ ಹಂಡೆಯೂ ಬಂತು.

ಎಲ್ಲವನ್ನೂ ಒಪ್ಪಿಕೊಳ್ಳುವುದಿಲ್ಲ. ನ್ಯೂಯಾರ್ಕಿನ ಫ್ಯಾಷನ್ ಸಮಾರಂಭವಾದ ಮೆಟ್ ಗಾಲಾದಲ್ಲಿ 2024ರಲ್ಲಿ ಆಲಿಯಾ ಉಟ್ಟ, ಬೆನ್ನ ಹಿಂದೆ ನೆಲದ ಮೇಲೆ 23 ಅಡಿ ಉದ್ದಕ್ಕೆ ಹಾಸಿಕೊಂಡಿದ್ದ ಸಬ್ಯಸಾಚಿ ಸೀರೆಯನ್ನು ತೋರಿಸಿ, ಹನ್ನೆರಡು ದಿನದಲ್ಲಿ ಆರತಕ್ಷತೆಗೆ ಬೇಕೆಂದು ಒಬ್ಬರು ಬಂದರು. ಅದಕ್ಕೆ 163 ಮಂದಿ ಸೇರಿ 1,965 ಗಂಟೆ ದುಡಿದರೆಂಬುದು ಆಗಲೇ ಪ್ರಕಟವಾಗಿತ್ತು. ಆ ಅಂಕಿಯನ್ನು ಅವರ ಮುಂದೆಯೇ ಬರೆದು ತೋರಿಸಿ, ಪುದೀನ ಹಸಿರಿನ ಒಂದು ಸರಳ ಸೀರೆಗೆ ಒಪ್ಪಿಸಿದೆ.

ಇನ್ನೂ ಕೈಗೆ ಸಿಗದಿರುವುದು ಕಪ್ಪಿನ ಇಳಿತ. ಕಪ್ಪು ಪುಡಿಯಲ್ಲಿ ನಾಲ್ಕಾರು ಬಣ್ಣ ಬೆರೆತಿರುವುದರಿಂದ ತೆಳು ತುದಿಗೆ ಬರುವಷ್ಟರಲ್ಲಿ ಅವು ಒಡೆದುಕೊಂಡು, ಬೂದು ಬರಬೇಕಾದಲ್ಲಿ ಒಮ್ಮೆ ನೇರಳೆಯೂ ಒಮ್ಮೆ ಹಸಿರೂ ಕಾಣುತ್ತವೆ. ಕಡುನೀಲಿಯಿಂದ ಆರಂಭಿಸಿ ಗಾಢ ತುದಿಗೆ ಮಾತ್ರ ಕಪ್ಪು ಹಾಕಿದ ಮೂರು ಪಟ್ಟಿಗಳು ಈಗ ತಂತಿಯ ಮೇಲೆ ಒಣಗುತ್ತಿವೆ. ನಾಳೆ ಹತ್ತು ಗಂಟೆಯ ಬೆಳಕಿಗೆ ಅವನ್ನು ಕೈಮೇಲೆ ಹಾಸಿ ನೋಡಬೇಕು.